ಹೊಲದಾಗ ಸಿಗೋ ಕರಿಕಲ್ಲು ಉಲ್ಕಾಶಿಲೆ ಹೌದೋ ಅಲ್ಲೋ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಇಲ್ಲಿ ಬರೀರಿ

ಘಟಪ್ರಭಾ_ದಂಡಿ:
ಲೋಕಾಪುರ–ಮುಧೋಳ ನಡುವಿನ ಹೊಲದಾಗ ರಂಟಿಗೆ ಸಿಕ್ಕ ಗುಂಡು. ಅಳತಿ ಕೊಡತೀನಿ. ತೂಕ 1,380 ಗ್ರಾಂ. ದಾರ ಕಟ್ಟಿ ನೀರಾಗ ಇಳಿಬಿಟ್ಟು ತೆಗೆದ ಗಾತ್ರ 179 ಘನ ಸೆಂ.ಮೀ., ಅಂದ್ರ ಸಾಂದ್ರತೆ (ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ) 7.7. ಮೈ ಕಂದುಗಪ್ಪು, ನುಣುಪು. ಆಯಸ್ಕಾಂತ ಗಟ್ಟಿ ಹಿಡಿತೈತಿ. ಒಡದಿಲ್ಲ, ಕೊರದಿಲ್ಲ. ಊರಾಗ ಎಲ್ಲಾರೂ ಚಿಕ್ಕಿ ಬಿದ್ದ ಕಲ್ಲು ಅಂತಾರ. ಇದರಾಗ ಇರಿಡಿಯಂ ಅನ್ನೋ ದುಬಾರಿ ಲೋಹ ಐತಿ, ಲಕ್ಷಗಟ್ಟಲೆ ಕೊಡ್ತೀವಿ ಅಂತ ಒಬ್ರು ಫೋನ್ ಹಚ್ಚಾಕತ್ತಾರ. ಮುಂದಿನ ಪರೀಕ್ಷೆ ಯಾವ ಕ್ರಮದಾಗ ಮಾಡಬೇಕು, ತಿಳಿದವರು ಹೇಳ್ರಿ.

ಫೌಂಡ್ರಿ_ಕಟ್ಟಿ:
7.7 ಬಂದರ ಅದು ಕಲ್ಲಲ್ಲ, ಲೋಹ. ಆದ್ರ ಕಬ್ಬಿಣದ ಉಲ್ಕಾಶಿಲೆಯ ಸಾಂದ್ರತೆನೂ 7.5ರಿಂದ 7.9ರ ಒಳಗೇ ಇರತೈತಿ, ಹಂಗಾಗಿ ಇದೊಂದರ ಮ್ಯಾಲೆ ತೀರ್ಮಾನ ಮಾಡಾಕ ಬರಂಗಿಲ್ಲ. ಮೊದಲು ವರ್ನಿಯರ್ ಹಿಡಿದು ಮೂರು ದಿಕ್ಕಿನಿಂದ ವ್ಯಾಸ ಅಳೀರಿ. ಮೂರೂ ಒಂದು ಮಿ.ಮೀ. ಒಳಗೆ ಹೊಂದಿದ್ರ ಅದು ಮನುಷ್ಯ ಮಾಡಿದ ಗುಂಡು. ಉಲ್ಕಾಶಿಲೆ ಆಕಾಶದಾಗ ಒಡಕೊಂಡು, ಸವಕೊಂಡು ಬರತೈತಿ, ಪೂರ್ತಿ ದುಂಡಗ ಇರಂಗಿಲ್ಲ.

ನಿಮ್ಮ ಲೆಕ್ಕಾನ ಸುಳಿವು ಕೊಡತೈತಿ. 70 ಮಿ.ಮೀ. ಗುಂಡಿನ ಗಾತ್ರ 179.6 ಘನ ಸೆಂ.ಮೀ. ಲೋಕಾಪುರ ಸುತ್ತ ಸುಣ್ಣದಕಲ್ಲು, ಸಿಮೆಂಟ್ ಕೆಲಸ ಐತಿ. ಸಿಮೆಂಟ್ ಮಿಲ್ಲಿನಾಗ ಕ್ಲಿಂಕರ್ (ಭಟ್ಟಿಯಿಂದ ಬಂದ ಸಿಮೆಂಟ್ ಗಟ್ಟಿ) ಅರಿಯಾಕ 90, 80, 70, 60 ಮಿ.ಮೀ. ಗುಂಡು ಹಾಕ್ತಾರ. ಅವು ಹೈ-ಕ್ರೋಮ್ ಎರಕ, ಅಂದ್ರ ಕ್ರೋಮಿಯಂ ಹೆಚ್ಚು ಹಾಕಿದ ಗಟ್ಟಿ ಕಬ್ಬಿಣ, ಬೇಗ ತುಕ್ಕು ಹಿಡಿಯಂಗಿಲ್ಲ. ಸವೆದ ಗುಂಡು ಗುಜರಿ ಗಾಡಿಯಿಂದ ಬಿದ್ದು ಎಲ್ಲೆಲ್ಲೋ ಸೇರತಾವ. ಎರಡು ಕೆಲಸ ಮಾಡ್ರಿ. ಒಂದು, ಮೈಮ್ಯಾಲೆ ಎಲ್ಲೆರ ಚಪ್ಪಟಿ ಗುರುತು ಐತೇನು ನೋಡ್ರಿ, ಅದು ಅಚ್ಚಿನೊಳಗೆ ಲೋಹ ಹೊಯ್ದ ಬಾಯಿ ಮುರಿದ ಜಾಗ. ಎರಡು, ಒಂದು ಮೂಲ್ಯಾಗ ಅರ ಹಾಕ್ರಿ. ಉಲ್ಕೆಯ ಕಬ್ಬಿಣ ಮೆತ್ತಗ, ಅರ ಕಚ್ಚತೈತಿ, ಬೆಳ್ಳಿ ಬಣ್ಣದ ಪುಡಿ ಬೀಳತೈತಿ. ಹೈ-ಕ್ರೋಮ್ ಮ್ಯಾಲೆ ಅರ ಜಾರತೈತಿ, ಗೀರೂ ಮೂಡಂಗಿಲ್ಲ.

ಕೋಟೆ_ಗೋಡೆ:
ವಿಜಯಪುರ ಕಡೆಯವರಿಗೆ ಇನ್ನೊಂದು ಗುಂಡಿನ ಮಾತು ಸೇರಿಸುತ್ತೇನೆ. ಆದಿಲ್‌ಶಾಹಿ ಕೋಟೆಗಳ ಸುತ್ತ ಫಿರಂಗಿ ಗುಂಡುಗಳು ಸಿಗುತ್ತವೆ. ಕಲ್ಲಿನವು ಬೇಗ ಗೊತ್ತಾಗುತ್ತವೆ, ಕಬ್ಬಿಣದವು ಮೋಸ ಮಾಡುತ್ತವೆ. ಬೀಡುಕಬ್ಬಿಣದ ಸಾಂದ್ರತೆ 7.2ರ ಆಸುಪಾಸು, ತುಕ್ಕು ಹಪ್ಪಳ ಹಪ್ಪಳವಾಗಿ ಏಳುತ್ತದೆ, ಎರಡು ಅಚ್ಚು ಕೂಡಿದ ಗೆರೆ ನಡುಮಧ್ಯ ಓಡುತ್ತದೆ. ಅಂಥದ್ದು ಸಿಕ್ಕರೆ ಅದು ಪುರಾತತ್ವ ಇಲಾಖೆಗೆ ಸೇರಿದ ವಸ್ತು. ಅರ ಹಾಕಬಾರದು.

ಘಟಪ್ರಭಾ_ದಂಡಿ:
ವ್ಯಾಸ 69.8, 70.1, 69.9 ಮಿ.ಮೀ. ಅರ ಜಾರತೈತಿ. ಒಂದು ಕಡೆ ಎಂಟಾಣೆ ಅಗಲದ ಚಪ್ಪಟಿ ಗುರುತೂ ಐತಿ. ಮಿಲ್ಲಿನ ಗುಂಡು ಅಂತ ಒಪ್ಪಿದೆ. ಫೌಂಡ್ರಿ ಅಣ್ಣಾರಿಗೆ ನಮಸ್ಕಾರ. ಹಂಗಾರ ನಮ್ಮ ಕಡೆ ಖರೇ ಉಲ್ಕಾಶಿಲೆ ಸಿಕ್ಕರ ಹೆಂಗಿರತೈತಿ? ಮಡ್ಡಿ ಭೂಮ್ಯಾಗ ಎಲ್ಲಾ ಕರಿಕಲ್ಲ ಅದಾವ.

ಭೂಗರ್ಭ_ಬಾದಾಮಿ:
ಕಾಲಕೆಳಗಿನ ನೆಲ ಯಾವುದು ಅನ್ನುವುದರಿಂದಲೇ ಶುರುಮಾಡಬೇಕು. ನಮ್ಮ ಮೂರೂ ಜಿಲ್ಲೆಗಳಲ್ಲಿ ಮೋಸಮಾಡುವ ಕಲ್ಲುಗಳು ಬೇರೆ ಬೇರೆ.

ವಿಜಯಪುರ, ಬಸವನ ಬಾಗೇವಾಡಿ ಕಡೆ ಡೆಕ್ಕನ್ ಟ್ರ್ಯಾಪ್‌ನ ಬಸಾಲ್ಟ್, ಅಂದರೆ ಹಳೆಯ ಲಾವಾ ಹೆಪ್ಪುಗಟ್ಟಿದ ಕರಿಕಲ್ಲು. ಅದು ಈರುಳ್ಳಿ ಪದರದಂತೆ ಸುಲಿದು ಸುಲಿದು ಒಳಗಿನ ಗುಂಡುಕಲ್ಲು ಉಳಿಯುತ್ತದೆ. ಕಪ್ಪಗಿರುತ್ತದೆ, ದುಂಡಗಿರುತ್ತದೆ, ಮ್ಯಾಗ್ನಟೈಟ್ (ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು) ಕಣಗಳಿರುವುದರಿಂದ ದಾರಕ್ಕೆ ಕಟ್ಟಿದ ಆಯಸ್ಕಾಂತವನ್ನು ಸ್ವಲ್ಪ ಎಳೆಯುತ್ತದೆ ಕೂಡ. ಆದರೆ ಸಾಂದ್ರತೆ 2.8ರಿಂದ 3.0, ಒಡೆದ ಮುಖದಲ್ಲಿ ಲೋಹದ ಚುಕ್ಕೆ ಒಂದೂ ಇರುವುದಿಲ್ಲ. ಸಣ್ಣ ಸಣ್ಣ ಗುಳಿಗಳಲ್ಲಿ ಜಿಯೋಲೈಟ್ ಎಂಬ ಬಿಳಿ ಖನಿಜ ತುಂಬಿದ್ದರೆ ಮುಂದೆ ನೋಡುವುದೇ ಬೇಡ, ಅದು ಲಾವಾ.

ಹುನಗುಂದ, ಇಳಕಲ್ ಕಡೆ ಪಟ್ಟೆಪಟ್ಟೆ ಕಬ್ಬಿಣದ ಶಿಲೆ ಇದೆ. ತೂಕ ಚೆನ್ನಾಗಿರುತ್ತದೆ, ಆಯಸ್ಕಾಂತ ಹಿಡಿಯುತ್ತದೆ. ಮುಖ ತೊಳೆದು ನೋಡಿದರೆ ಕೆಂಪು-ಕಪ್ಪು ಪಟ್ಟೆ ಕಾಣುತ್ತದೆ. ಖಾನಾಪುರ, ಬೆಳಗಾವಿ ಕಡೆ ಜಂಬಿಟ್ಟಿಗೆ. ಅದರಿಂದ ಉದುರಿದ ಕಬ್ಬಿಣದ ಉಂಡೆಗಳು ಹೊರಗೆ ಕಪ್ಪು ಹೊಳಪು, ಒಳಗೆ ಹಳದಿ-ಕೆಂಪು ಮಣ್ಣು. ಇವೆರಡಕ್ಕೂ ಮದ್ದು ಒಂದೇ: ಬಚ್ಚಲಮನೆ ಟೈಲ್ಸ್ ತುಣುಕಿನ ಹಿಂಬದಿಯ, ಹೊಳಪಿಲ್ಲದ ಮುಖದ ಮೇಲೆ ಒತ್ತಿ ಎಳೆಯಿರಿ. ಹೆಮಟೈಟ್ (ಕೆಂಪು ಕಬ್ಬಿಣದ ಅದಿರು) ಆದರೆ ಇಟ್ಟಿಗೆ ಕೆಂಪು ಗೆರೆ, ಮ್ಯಾಗ್ನಟೈಟ್ ಆದರೆ ಕಪ್ಪು ಗೆರೆ, ಜಂಬಿಟ್ಟಿಗೆಯ ಉಂಡೆಗೆ ಹಳದಿ-ಕಂದು ಗೆರೆ. ತಾಜಾ ಕಲ್ಲು ಉಲ್ಕೆ ಗೆರೆ ಬಿಡುವುದಿಲ್ಲ, ಬಿಟ್ಟರೂ ತೆಳು ಬೂದು.

ಖರೇ ಉಲ್ಕಾಶಿಲೆಯಲ್ಲಿ ನೋಡಬೇಕಾದದ್ದು ಮೂರು. ಹೊರಸಿಪ್ಪೆ: ಗಾಳಿಯಲ್ಲಿ ಕರಗಿ ಹೆಪ್ಪುಗಟ್ಟಿದ ಕಪ್ಪು ಪದರ, ಸಾಮಾನ್ಯವಾಗಿ ಒಂದು ಮಿ.ಮೀ.ಗಿಂತ ತೆಳು. ಮೂಲೆ ಚಕ್ಕೆ ಎದ್ದಿದ್ದರೆ ಒಳಗೆ ಬೂದು ಬಣ್ಣ ಕಾಣುತ್ತದೆ, ಕಪ್ಪು ಮತ್ತು ಬೂದು ನಡುವಿನ ಗಡಿ ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟ. ಎರಡನೆಯದು, ಹೆಬ್ಬೆರಳು ಒತ್ತಿದಂಥ ತಗ್ಗುಗಳು. ಮೂರನೆಯದು, ಒಳಮುಖದಲ್ಲಿ ಸಾಸಿವೆಗಿಂತ ಚಿಕ್ಕ ಉರುಟು ಕಣಗಳು ಮತ್ತು ಅಲ್ಲಲ್ಲಿ ಹೊಳೆಯುವ ಕಬ್ಬಿಣ-ನಿಕ್ಕೆಲ್ ಚುಕ್ಕೆಗಳು. ಬೀಳುವ ಕಲ್ಲುಗಳಲ್ಲಿ ಬಹುಪಾಲು ಇದೇ ಕಾಂಡ್ರೈಟ್ ಜಾತಿ, ಸಾಂದ್ರತೆ 3.2ರಿಂದ 3.7. ಮೈಯೆಲ್ಲ ಗಾಳಿಗುಳ್ಳೆ ತೂತು ಇದ್ದರೆ ಅದು ಕಿಟ್ಟ (ಲೋಹ ಕರಗಿಸುವಾಗ ಉಳಿಯುವ ಕಸ) ಅಥವಾ ಲಾವಾ.

ಫೌಂಡ್ರಿ_ಕಟ್ಟಿ:
ಕಿಟ್ಟದ ಮಾತು ಬಂತು, ಅದಕ್ಕ ಹೇಳ್ತೀನಿ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಸುತ್ತ ಫೌಂಡ್ರಿ ಕಿಟ್ಟಾನ ಮೊದಲೆಲ್ಲಾ ರಸ್ತೆ, ತಗ್ಗು ತುಂಬಾಕ ಹಾಕ್ಯಾರ. ಒಡದ್ರ ಗಾಜಿನ ಹೊಳಪು, ಹಸಿರು-ಕಪ್ಪು, ಗುಳ್ಳಿ, ಕೆಲವೊಮ್ಮೆ ನಡುವೆ ಕಬ್ಬಿಣದ ಹನಿ ಸಿಕ್ಕೊಂಡಿರತೈತಿ. ಆ ಹನಿ ನೋಡಿ ಲೋಹದ ಚುಕ್ಕಿ ಅಂತ ತಿಳ್ಕೊಬ್ಯಾಡ್ರಿ. ಉಲ್ಕೆಯೊಳಗಿನ ಲೋಹ ಕಲ್ಲಿನ ತುಂಬಾ ಹರಡಿರತೈತಿ, ಕಿಟ್ಟದಾಗ ದುಂಡನ್ನ ಹನಿ ಒಂದೊಂದೇ ಇರತೈತಿ. ಸಕ್ಕರಿ ಕಾರ್ಖಾನಿ ಬಾಯ್ಲರಿನ ಕರಿಗಟ್ಟಿನೂ ಹಂಗ, ಆದ್ರ ಅದು ಕೈಯಾಗ ಹಿಡದ್ರನ ಹಗುರ ಗೊತ್ತಾಗತೈತಿ.

ಎರೆಹೊಲ:
ಆಯಸ್ಕಾಂತ ಹಿಡಿಲಿಲ್ಲ ಅಂದ್ರ ಉಲ್ಕಾಶಿಲೆ ಅಲ್ಲ ಅಂತ ಬರದು ಮುಗಿಸಬಹುದಲ್ರೀ? ಸುಲಭ ಆಗತೈತಿ.

ಭೂಗರ್ಭ_ಬಾದಾಮಿ:
ಆಗುವುದಿಲ್ಲ. ಗುಜರಾತಿನ ದಿಯೋದರ್‌ನಲ್ಲಿ 2022ರ ಆಗಸ್ಟ್ 17ರಂದು ಬಿದ್ದದ್ದು ಆಬ್ರೈಟ್. ಬಹುತೇಕ ಕಬ್ಬಿಣವಿಲ್ಲದ, ಬೆಳ್ಳಗಿನ ಖನಿಜದ ಕಲ್ಲು. ರಾಜಸ್ಥಾನದ ಪಿಪಲಿಯಾ ಕಲಾಂನಲ್ಲಿ 1996ರಲ್ಲಿ ಬಿದ್ದದ್ದು ಯೂಕ್ರೈಟ್, ಅಂದರೆ ಕ್ಷುದ್ರಗ್ರಹದ ಬಸಾಲ್ಟ್. ಲೋಹ ತೀರಾ ಕಡಿಮೆ, ಹೊರಸಿಪ್ಪೆ ಮಾತ್ರ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳನಿಂದ ಬಂದದ್ದು. ಇಂಥವನ್ನು ಆಯಸ್ಕಾಂತದ ಮೇಲೆ ಬಿಟ್ಟರೆ ಕಳೆದುಕೊಂಡೆವು. ಹಳೆಯ ಕಲ್ಲಿಗೆ ಆಯಸ್ಕಾಂತ ಒಳ್ಳೆಯ ಜರಡಿ. ಕಣ್ಣೆದುರು ಬಿದ್ದ ಕಲ್ಲಿಗೆ ಹೊರಸಿಪ್ಪೆಯೇ ಸಾಕ್ಷಿ.

ಇನ್ನೊಂದು. ನಿಯೋಡಿಮಿಯಂ ಆಯಸ್ಕಾಂತವನ್ನು (ತೀರಾ ಬಲವಾದದ್ದು) ಕಲ್ಲಿಗೆ ತಾಗಿಸಬೇಡಿ. ಆ ಕಲ್ಲು ಹುಟ್ಟಿದ ಕಾಲದ ಕಾಂತಕ್ಷೇತ್ರದ ಗುರುತು ಅದರೊಳಗೆ ಉಳಿದಿರುತ್ತದೆ, ಒಂದು ಸಲ ತಾಗಿಸಿದರೂ ಅಳಿಸಿಹೋಗುತ್ತದೆ. ದಿಕ್ಸೂಚಿ ಮುಳ್ಳಿನ ಹತ್ತಿರ ಕಲ್ಲನ್ನು ತಂದು ಮುಳ್ಳು ಅಲುಗುವುದನ್ನು ನೋಡಿದರೆ ಸಾಕು.

ರಸಾಯನ_ಜಮಖಂಡಿ:
ನಿಕ್ಕೆಲ್ ಪರೀಕ್ಷೆ ಹೇಳುತ್ತೇನೆ. ಕಬ್ಬಿಣದ ಉಲ್ಕೆಯಲ್ಲಿ ಸಾಮಾನ್ಯವಾಗಿ ಶೇ. 5ಕ್ಕಿಂತ ಹೆಚ್ಚು ನಿಕ್ಕೆಲ್ ಇರುತ್ತದೆ. ಬೇಕಾದದ್ದು: ಡೈಮಿಥೈಲ್ ಗ್ಲೈಆಕ್ಸೈಮ್‌ನ ಶೇ. 1ರ ಆಲ್ಕೋಹಾಲ್ ದ್ರಾವಣ (ಪದವಿ ಕಾಲೇಜಿನ ಲ್ಯಾಬಿನಲ್ಲಿ ಇದ್ದೇ ಇರುತ್ತದೆ), ವಿನೆಗರ್, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಅಮೋನಿಯಾ, ಕಿವಿಗೆ ಹಾಕುವ ಹತ್ತಿ ಕಡ್ಡಿ.

ಅರ ಹಾಕಿ ಹೊಳೆಯುವ ಲೋಹ ತೆರೆಯಿರಿ. ಹತ್ತಿ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ, ಮೇಲೆ ಎರಡು ಹನಿ ಪೆರಾಕ್ಸೈಡ್ ಬಿಟ್ಟು, ಆ ಜಾಗವನ್ನು ಒಂದೆರಡು ನಿಮಿಷ ಉಜ್ಜಿರಿ. ಕಡ್ಡಿಗೆ ನಿಂಬೆ ಉಪ್ಪಿನ ನೀರು ಒಂದು ಹನಿ, ಆಮೇಲೆ ವಾಸನೆ ಮೂಗಿಗೆ ಹೊಡೆಯುವವರೆಗೆ ಅಮೋನಿಯಾ, ಕೊನೆಗೆ ಡೈಮಿಥೈಲ್ ಗ್ಲೈಆಕ್ಸೈಮ್ ಎರಡು ಹನಿ. ನಿಕ್ಕೆಲ್ ಇದ್ದರೆ ಹತ್ತಿ ಗುಲಾಬಿ-ಕೆಂಪಾಗುತ್ತದೆ.

ಪೆರಾಕ್ಸೈಡ್, ನಿಂಬೆ ಉಪ್ಪು ಬಿಟ್ಟು ಮಾಡುವವರೇ ಹೆಚ್ಚು, ಅಲ್ಲೇ ಎಡವುವುದು. ಫೆರಸ್ ಸ್ಥಿತಿಯ ಕಬ್ಬಿಣವೂ ಇದೇ ದ್ರಾವಣಕ್ಕೆ ಕೆಂಪು ಕೊಡುತ್ತದೆ. ಪೆರಾಕ್ಸೈಡ್ ಅದನ್ನು ಕೆಂಪು ಕೊಡದ ಫೆರಿಕ್ ಸ್ಥಿತಿಗೆ ತರುತ್ತದೆ, ನಿಂಬೆ ಉಪ್ಪು ಆ ಫೆರಿಕ್ ಅನ್ನು ಕಂದು ಗಸಿಯಾಗಿ ಇಳಿಯದಂತೆ ಹಿಡಿದಿಡುತ್ತದೆ. ಪ್ರತಿ ಸಲವೂ ಪಕ್ಕದಲ್ಲಿ ಒಂದು ಸಾದಾ ಮೊಳೆ ಮತ್ತು ಹಳೆಯ ದಪ್ಪ 5 ರೂಪಾಯಿ ನಾಣ್ಯ ಇಟ್ಟುಕೊಂಡು ಇದೇ ಪರೀಕ್ಷೆ ಮಾಡಿ. ಆ ನಾಣ್ಯ ತಾಮ್ರ-ನಿಕ್ಕೆಲ್, ಕೆಂಪು ಬರಲೇಬೇಕು, ಮೊಳೆಗೆ ಬರಬಾರದು. ಕೆಂಪು ಬಂದ ಮಾತ್ರಕ್ಕೆ ಉಲ್ಕೆ ಅಂತಲೂ ಅಲ್ಲ, 304 ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶೇ. 8ರಷ್ಟು ನಿಕ್ಕೆಲ್ ಇದೆ. ಕಿಟಕಿ ತೆರೆದು ಮಾಡಿ, ಅಮೋನಿಯಾದ ಬಾಟಲಿಯನ್ನು ಬ್ಲೀಚಿಂಗ್ ಪೌಡರಿನ ಹತ್ತಿರ ಇಡಬೇಡಿ.

ಎರೆಹೊಲ:
ಯೂಟ್ಯೂಬ್‌ನಾಗ ಕೊಯ್ದು ಆಸಿಡ್ ಹಾಕಿ ಅಡ್ಡಾದಿಡ್ಡಿ ಗೆರಿ ತೋರಸ್ತಾರಲ್ಲ, ಅದು?

ರಸಾಯನ_ಜಮಖಂಡಿ:
ಅದು ವಿಡ್‌ಮನ್‌ಸ್ಟಾಟೆನ್ ವಿನ್ಯಾಸ. ಕಬ್ಬಿಣ-ನಿಕ್ಕೆಲ್ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಡಿಗ್ರಿಯಿಂದ ಕೆಲವು ಸಾವಿರ ಡಿಗ್ರಿಯಂತೆ ತಣಿದಾಗ ಮಾತ್ರ ಮೂಡುವ ಹರಳುಪಟ್ಟಿ, ಯಾವ ಭಟ್ಟಿಯಲ್ಲೂ ಮಾಡಲಾಗದು. ಆದರೆ ನೈಟ್ರಿಕ್ ಆಸಿಡ್ ಮತ್ತು ಆಲ್ಕೋಹಾಲ್ ಕೂಡಿಸಿ ಮುಚ್ಚಿದ ಬಾಟಲಿಯಲ್ಲಿಟ್ಟರೆ ಸಿಡಿಯುತ್ತದೆ. ಮನೆಯಲ್ಲಿ ಮಾಡುವ ಕೆಲಸವಲ್ಲ. ನಿಕ್ಕೆಲ್ ಶೇ. 6ಕ್ಕಿಂತ ಕಡಿಮೆಯಿದ್ದರೆ ಖರೇ ಉಲ್ಕೆಯಲ್ಲೂ ಆ ಗೆರೆ ಬರುವುದಿಲ್ಲ, ಹಾಗಾಗಿ ಗೆರೆ ಇಲ್ಲವೆಂದು ಎಸೆಯುವಂತೆಯೂ ಇಲ್ಲ.

ಕೋಟೆ_ಗೋಡೆ:
ಇರಿಡಿಯಂ ಫೋನಿನ ಬಗ್ಗೆ ಯಾರೂ ಹೇಳಲಿಲ್ಲ. ಇದು ರೈಸ್ ಪುಲ್ಲಿಂಗ್ ವಂಚನೆಯ (ಅಕ್ಕಿಕಾಳು ಎಳೆಯುವ ಪವಾಡದ ಲೋಹ ಎಂದು ನಂಬಿಸಿ ಹಣ ಕೀಳುವುದು) ಇನ್ನೊಂದು ಮುಖ. ಕಬ್ಬಿಣದ ಉಲ್ಕೆಯಲ್ಲಿ ಇರಿಡಿಯಂ ಇರುವುದು ಹತ್ತು ಲಕ್ಷ ಭಾಗದಲ್ಲಿ ಕೆಲವು ಭಾಗ. ಹತ್ತು ಭಾಗ ಅಂತಲೇ ಹಿಡಿಯಿರಿ, 1,380 ಗ್ರಾಂ ಗುಂಡಿನಲ್ಲಿ 14 ಮಿಲಿಗ್ರಾಂ ಆಗುತ್ತದೆ. ಅಕ್ಕಿಕಾಳಿಗಿಂತ ಕಡಿಮೆ. ಮೊದಲು ಕೊಳ್ಳುತ್ತೇವೆ ಅನ್ನುತ್ತಾರೆ, ಆಮೇಲೆ "ಲ್ಯಾಬ್ ಟೆಸ್ಟಿಗೆ", "ವಿಜ್ಞಾನಿ ಬರುವ ಖರ್ಚಿಗೆ" ಅಂತ ನಿಮ್ಮಿಂದಲೇ ಹಣ ಕೇಳುತ್ತಾರೆ. ಒಂದು ಪೈಸೆ ಕೊಡಬೇಡಿ, ಹತ್ತಿರದ ಠಾಣೆಗೆ ಅಥವಾ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಗುಂಬಜ್_ಗಗನ:
ಕಲ್ಲಿನ ಚರ್ಚೆ ಚೆನ್ನಾಗಿದೆ. ಆದರೆ ವಿಜ್ಞಾನಕ್ಕೆ ದೊಡ್ಡ ಲಾಭ ಬೀಳುವುದನ್ನು ಕಂಡಾಗ. ಹುಣ್ಣಿಮೆಗಿಂತ ಬೆಳಗಿದ ಬೆಂಕಿಚೆಂಡು ಕಂಡರೆ ನಿಂತ ಜಾಗ ಬಿಟ್ಟು ಕದಲಬೇಡಿ. ಎಲ್ಲಿ ಶುರುವಾಯಿತು, ಎಲ್ಲಿ ಆರಿತು ಅನ್ನುವುದನ್ನು ಮನೆಯ ಮೂಲೆ, ಕಂಬ, ಗಿಡದ ತುದಿಗೆ ಹೊಂದಿಸಿ ಗುರುತಿಟ್ಟುಕೊಳ್ಳಿ. ಕೈ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ, ದಿಗಂತದಿಂದ ಎಷ್ಟು ಮುಷ್ಟಿ ಎತ್ತರ ಎಂದು ಎಣಿಸಿ. ಮೊಬೈಲ್ ಗಡಿಯಾರ ನೋಡಿ ಹೊತ್ತು ಬರೆದುಕೊಂಡು ಸದ್ದಿಗೆ ಕಾಯಿರಿ. 30 ಕಿ.ಮೀ. ಎತ್ತರದಲ್ಲಿ ಸಿಡಿದದ್ದರ ಸದ್ದು ನೆತ್ತಿಯ ಮೇಲಿದ್ದರೂ ಒಂದೂವರೆ ನಿಮಿಷ ತಡವಾಗಿ ಬರುತ್ತದೆ, ದೂರವಿದ್ದರೆ ಇನ್ನೂ ತಡ. ಐದು ನಿಮಿಷ ಕಾಯಿರಿ, ಕಿಟಕಿ ಗಾಜಿನಿಂದ ದೂರ ಇರಿ. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಸುಮಾರು 20 ಮೀಟರ್ ಅಗಲದ ಕಲ್ಲು ಸಿಡಿದಾಗ ಗಾಯಗೊಂಡ ಸುಮಾರು 1,500 ಮಂದಿಯಲ್ಲಿ ಬಹಳಷ್ಟು ಜನ ಬೆಳಕು ನೋಡಲು ಕಿಟಕಿಗೆ ಬಂದು ನಿಂತವರು.

ಸಿಸಿಟಿವಿ ಇದ್ದವರು ಆ ರಾತ್ರಿಯೇ ತುಣುಕನ್ನು ಪೆನ್‌ಡ್ರೈವ್‌ಗೆ ಇಳಿಸಿ. ಡಿವಿಆರ್ (ಸಿಸಿಟಿವಿ ಚಿತ್ರ ಉಳಿಸುವ ಪೆಟ್ಟಿಗೆ) ಒಂದೆರಡು ವಾರಕ್ಕೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಡಿವಿಆರ್ ಗಡಿಯಾರ ಬಹುತೇಕ ತಪ್ಪಿರುತ್ತದೆ. ಪರದೆಯ ಸಮಯ ಮತ್ತು ಮೊಬೈಲ್ ಸಮಯ ಎರಡೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆದಿಡಿ. ಕ್ಯಾಮೆರಾವನ್ನು ಒಂದು ಕೂದಲೆಳೆಯೂ ಅಲುಗಿಸಬೇಡಿ, ಆಮೇಲೆ ಅದರಲ್ಲೇ ಚುಕ್ಕೆಗಳನ್ನು ನೋಡಿ ದಿಕ್ಕು ಲೆಕ್ಕ ಹಾಕಬೇಕು. ದೂರದೂರದ ಎರಡು ಊರಿನ ಕ್ಯಾಮೆರಾ, ಹೇಳುವುದಾದರೆ ಗೋಕಾಕ ಮತ್ತು ಬಾಗಲಕೋಟೆ, ಸಿಕ್ಕರೆ ದಾರಿಯ ಎತ್ತರ ಸಿಗುತ್ತದೆ. ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಶನ್‌ನ ಜಾಲತಾಣದಲ್ಲಿ ಯಾರು ಬೇಕಾದರೂ ವರದಿ ತುಂಬಬಹುದು.

ನಿಧಾನಕ್ಕೆ, ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು, ಸಾಲು ಸಾಲು ತುಂಡಾಗಿ ಅಡ್ಡ ಹೋದರೆ ಅದು ಉಲ್ಕೆಯಲ್ಲ, ಉಪಗ್ರಹ ಅಥವಾ ರಾಕೆಟ್ ಚೂರು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಮೇಲೆ ಕಂಡದ್ದು ಅದೇ. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ಕಡೆ ಲೋಹದ ಬಳೆಯೂ ಗುಂಡುಗಳೂ ಬಿದ್ದವು. ಅಂಥದ್ದನ್ನು ಮುಟ್ಟಬೇಡಿ, ಟ್ಯಾಂಕಿನಲ್ಲಿ ವಿಷಕಾರಿ ಇಂಧನ ಉಳಿದಿರಬಹುದು.

ಎರೆಹೊಲ:
ಬಿದ್ದಲ್ಲೆ ಹೊಲ ಸುಟ್ಟಿರತೈತಿ ಅಂತಾರ, ಅದನ್ನ ಹುಡುಕಬೇಕೇನ್ರಿ?

ಗುಂಬಜ್_ಗಗನ:
ಸುಡುವುದಿಲ್ಲ ರೀ. ಬೆಳಕು 20–30 ಕಿ.ಮೀ. ಎತ್ತರದಲ್ಲೇ ಆರುತ್ತದೆ. ಅಲ್ಲಿಂದ ಕೆಳಗೆ ಎರಡು ಮೂರು ನಿಮಿಷ ಕತ್ತಲಲ್ಲಿ, ಮೇಲಿಂದ ಬಿಟ್ಟ ಕಲ್ಲಿನ ವೇಗದಲ್ಲಿ ಇಳಿಯುತ್ತದೆ. ಒಳಗೆ ಬಾಹ್ಯಾಕಾಶದ ಚಳಿ, ಹೊರಗೆ ಕರಗಿದ ಪದರ ಗಾಳಿಗೆ ತಣಿದಿರುತ್ತದೆ. ಸುಟ್ಟ ಬಣವೆ, ಸೀಳಿದ ತೆಂಗು ಕಂಡರೆ ಸಿಡಿಲೆಂದು ತಿಳಿಯಿರಿ. ಕಿಲೋ ತೂಕದ ಕಲ್ಲು ಉತ್ತ ಹೊಲದಲ್ಲಿ ಗೇಣುದ್ದ ತಗ್ಗು ಮಾಡಿದರೆ ಹೆಚ್ಚು.

ಹುಡುಕಾಟದಲ್ಲಿ ಗಾಳಿಯದೇ ಲೆಕ್ಕ. ದೊಡ್ಡ ತುಂಡು ಬಂದ ದಿಕ್ಕಿನಲ್ಲೇ ಮುಂದೆ ಹೋಗುತ್ತದೆ, ಚಿಕ್ಕವು ಹಿಂದೆ ಉದುರುತ್ತವೆ, ಗಾಳಿಗೆ ಪಕ್ಕಕ್ಕೂ ಸರಿಯುತ್ತವೆ. ಚಳಿಗಾಲದಲ್ಲಿ ನಮ್ಮ ಮೇಲೆ 10–12 ಕಿ.ಮೀ. ಎತ್ತರದ ಗಾಳಿ ಪಶ್ಚಿಮದಿಂದ, ಮುಂಗಾರಿನಲ್ಲಿ ಅದಕ್ಕೂ ಮೇಲೆ ಪೂರ್ವದಿಂದ ಜೋರು. ಹವಾಮಾನ ಇಲಾಖೆ ಪಣಜಿಯಿಂದ ಬಿಡುವ ಬಲೂನಿನ ಅಳತೆ ನಮಗೆ ಹತ್ತಿರದ್ದು. ಬೆಳಿಗ್ಗೆ 5.30ರದ್ದೋ ಸಂಜೆ 5.30ರದ್ದೋ, ಬಿದ್ದ ಹೊತ್ತಿಗೆ ಹತ್ತಿರದ್ದನ್ನು ತೆಗೆದುಕೊಳ್ಳಿ.

ಎರೆಭೂಮಿಯಲ್ಲಿ ಬಿದ್ದರೆ ಬೇಸಿಗೆಯ ಬಿರುಕಿನೊಳಗೆ ಇಳಿದುಹೋಗುತ್ತದೆ, ಮಳೆ ಬಂದ ಮೇಲೆ ಮಣ್ಣು ಮುಚ್ಚುತ್ತದೆ. ಕಲಾದಗಿ ಕಡೆಯ ಬೂದು ಸುಣ್ಣದಕಲ್ಲಿನ ನೆಲ, ಬಾದಾಮಿಯ ಮರಳುಗಲ್ಲಿನ ಹಾಸು, ಬೇಸಿಗೆಯಲ್ಲಿ ಬತ್ತಿದ ಆಲಮಟ್ಟಿ ಹಿನ್ನೀರಿನ ಬಯಲು, ಇಂಥ ಕಡೆ ಕಪ್ಪು ಕಲ್ಲು ಎದ್ದು ಕಾಣುತ್ತದೆ. ಸಾಲು ಹಿಡಿದು, ಇಬ್ಬರ ನಡುವೆ ಮೂರು ನಾಲ್ಕು ಮೀಟರ್ ಬಿಟ್ಟು ನಡೆಯಿರಿ. ಹೊಲದವರನ್ನು ಕೇಳಿಯೇ ಒಳಗೆ ಹೋಗಿ.

ಭೂಗರ್ಭ_ಬಾದಾಮಿ:
ಸಿಕ್ಕ ಮೇಲೆ ಏನು ಮಾಡಬೇಕು ಅನ್ನುವುದೂ ಇಲ್ಲೇ ಇರಲಿ. ಎತ್ತುವ ಮೊದಲು ಫೋಟೊ, ಪಕ್ಕದಲ್ಲಿ ಅಳತೆಗೆ 10 ರೂಪಾಯಿ ನಾಣ್ಯ (27 ಮಿ.ಮೀ.), ಮೊಬೈಲಿನ ಲೊಕೇಶನ್, ತಗ್ಗಿನ ಆಳ. ಬರಿಗೈಯಲ್ಲಿ ಮುಟ್ಟದೆ ಹೊಸ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಜತೆ ಹಾಕಿ. ತೊಳೆಯಬಾರದು. ಸಾಂದ್ರತೆ ನೋಡಲು ನೀರಲ್ಲಿ ಮುಳುಗಿಸುವುದು ಹಳೆಯ ಕಲ್ಲಿಗೆ ಮಾತ್ರ. ತಾಜಾ ಕಲ್ಲಿನಲ್ಲಿ ಕರಗುವ ಲವಣಗಳು ಹೋಗುತ್ತವೆ, ಲೋಹ ಎರಡು ದಿನದಲ್ಲಿ ತುಕ್ಕು ಹಿಡಿಯುತ್ತದೆ.

ನಮ್ಮ ಹಳ್ಳಿಗಳಲ್ಲಿ ಆಕಾಶದಿಂದ ಬಿದ್ದದ್ದಕ್ಕೆ ಭಕ್ತಿಯಿಂದ ಭಂಡಾರ, ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಹಿರಿಯರಿಗೆ ವಿನಯದಿಂದ ಹೇಳಿ: ಪೂಜೆ ಬಿದ್ದ ಜಾಗಕ್ಕೆ ಆಗಲಿ, ಕಲ್ಲಿಗೆ ಬೇಡ. ಎಣ್ಣೆ, ಅರಿಶಿನ, ಎಳನೀರು ಒಳಗಿಳಿದರೆ ಸಾವಯವ ವಸ್ತುವಿನ ಅಧ್ಯಯನಕ್ಕೆ ಕಲ್ಲು ಕೆಲಸಕ್ಕೆ ಬಾರದು. 2017ರ ಜೂನ್ 6ರಂದು ಜೈಪುರ ಹತ್ತಿರದ ಮುಕುಂದಪುರದಲ್ಲಿ ಬಿದ್ದದ್ದು ಅಂಥದ್ದೇ, ಇಂಗಾಲದ ಜಾತಿಯ ಕಲ್ಲು. ಬೇಗ ಪುಡಿಯಾಗುವಷ್ಟು ಮೆತ್ತಗೆ.

ಅವಸರ ಯಾಕೆಂದರೆ, ಬಾಹ್ಯಾಕಾಶದ ಕಿರಣಗಳು ಕಲ್ಲಿನಲ್ಲಿ ಹುಟ್ಟಿಸಿದ ವಿಕಿರಣ ಪರಮಾಣುಗಳು ಬಿದ್ದ ಗಳಿಗೆಯಿಂದ ಕಡಿಮೆಯಾಗುತ್ತಾ ಹೋಗುತ್ತವೆ. ಸೋಡಿಯಂ-24 ಹದಿನೈದು ಗಂಟೆಗೆ ಅರ್ಧ, ವನೇಡಿಯಂ-48 ಹದಿನಾರು ದಿನಕ್ಕೆ ಅರ್ಧ. ತಿಂಗಳು ಕಪಾಟಿನಲ್ಲಿಟ್ಟು ಕೊಟ್ಟರೆ ಆ ಮಾಹಿತಿ ಹೋಯಿತು. ತಹಶೀಲ್ದಾರರಿಗೂ ಠಾಣೆಗೂ ಬರವಣಿಗೆಯಲ್ಲಿ ತಿಳಿಸಿ, ಪಂಚನಾಮೆ ಆಗಲಿ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳನ್ನು ಕಾಯುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಅಧ್ಯಯನ ಮಾಡುತ್ತದೆ. ಹೊಸ ಉಲ್ಕಾಶಿಲೆಗೆ ಬಿದ್ದ ಊರಿನ ಹೆಸರೇ ಬರುತ್ತದೆ, ಅದಕ್ಕಾಗಿ 20 ಗ್ರಾಂ ಅಥವಾ ಒಟ್ಟು ತೂಕದ ಶೇ. 20, ಯಾವುದು ಕಡಿಮೆಯೋ ಅಷ್ಟು ಮಾದರಿ ಸಂಸ್ಥೆಯೊಂದರಲ್ಲಿ ಕಾಯಂ ಇರಬೇಕು.

ಘಟಪ್ರಭಾ_ದಂಡಿ:
ಬರೇ ನೋಡಾಕ ಬಯಸೋರಿಗೆ ಯಾವ ತಿಂಗಳು ಛಲೋ?

ಗುಂಬಜ್_ಗಗನ:
ಡಿಸೆಂಬರ್. ಆಗಸ್ಟಿನ ಪರ್ಸಿಡ್ಸ್ ಉಲ್ಕಾವರ್ಷ ಪತ್ರಿಕೆಯಲ್ಲಿ ದೊಡ್ಡದಾಗಿ ಬರುತ್ತದೆ, ನಮಗೆ ಮೋಡ. ಮೋಡ ಹರಿದರೂ ಅದರ ಕೇಂದ್ರ (ಉಲ್ಕೆಗಳು ಹೊರಟಂತೆ ಕಾಣುವ ಜಾಗ) 48 ಡಿಗ್ರಿಗಿಂತ ಮೇಲೇರುವುದಿಲ್ಲ. ಡಿಸೆಂಬರಿನ ಜೆಮಿನಿಡ್ಸ್‌ನ ಕೇಂದ್ರ ಮಿಥುನ ರಾಶಿಯಲ್ಲಿ, ನಮ್ಮ ಅಕ್ಷಾಂಶದಿಂದ 73 ಡಿಗ್ರಿ ಎತ್ತರ ಏರುತ್ತದೆ. ನಮ್ಮ ಗಡಿಯಾರ ಸೂರ್ಯನಿಗಿಂತ ಅರ್ಧ ಗಂಟೆ ಮುಂದಿರುವುದರಿಂದ ಅದು ಅಷ್ಟು ಎತ್ತರಕ್ಕೆ ಬರುವುದು ನಡುರಾತ್ರಿ ಎರಡೂವರೆಗೆ. 2026ರಲ್ಲಿ ಡಿಸೆಂಬರ್ 9ರ ಸುಮಾರಿಗೆ ಅಮಾವಾಸ್ಯೆ, ಹಾಗಾಗಿ 13 ಮತ್ತು 14ರ ರಾತ್ರಿ ಚಂದ್ರ ನಡುರಾತ್ರಿಗೆ ಮೊದಲೇ ಮುಳುಗಿರುತ್ತಾನೆ. ಒಳ್ಳೆಯ ಕತ್ತಲಲ್ಲಿ ಗಂಟೆಗೆ 60ರ ಮೇಲೆ ಎಣಿಸಬಹುದು, ಬೆಳಗಾವಿ ನಗರದೊಳಗಿಂದ ಹತ್ತು ಹದಿನೈದು. ಅದು ಕಬ್ಬು ನುರಿಸುವ ಹಂಗಾಮು. ಕಾರ್ಖಾನೆಯ ದೀಪ, ರವದಿ ಸುಡುವ ಹೊಗೆ, ರಾತ್ರಿಯಿಡೀ ಟ್ರ್ಯಾಕ್ಟರ್ ಇರುವ ರಸ್ತೆಯಿಂದ ದೂರದ ಮಡ್ಡಿ ಹುಡುಕಿಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಲು 20–30 ನಿಮಿಷ ಬೇಕು, ನಡುವೆ ಮೊಬೈಲ್ ತೆಗೆದರೆ ಮತ್ತೆ ಮೊದಲಿನಿಂದ.

ಫೋಟೊಗೆ 14ರಿಂದ 24 ಮಿ.ಮೀ. ಲೆನ್ಸ್, ಎಫ್ 2.8, ಐಎಸ್‌ಒ 1600–3200, 15 ಸೆಕೆಂಡಿನ ಚಿತ್ರ ಬಿಡದೆ ಒಂದರ ಹಿಂದೊಂದು. ಹೊಳೆದಂಡೆಯಲ್ಲಿ ಮೂರು ಗಂಟೆಯ ಮೇಲೆ ಲೆನ್ಸಿಗೆ ಇಬ್ಬನಿ ಕೂಡುತ್ತದೆ, ಯುಎಸ್‌ಬಿ ಹೀಟರ್ ಪಟ್ಟಿ ಸುತ್ತಿ.

ರಸಾಯನ_ಜಮಖಂಡಿ:
ಮನೆ ಬಿಟ್ಟು ಹೋಗಲಾಗದವರಿಗೆ ಮಾಳಿಗೆ ಇದೆ. ಅಂಟಾರ್ಕ್ಟಿಕಾದ ಹಿಮದಲ್ಲಿ ಹೆಕ್ಕಿ ಮಾಡಿದ, 2021ರಲ್ಲಿ ಪ್ರಕಟವಾದ ಅಂದಾಜಿನಂತೆ ವರ್ಷಕ್ಕೆ ಸುಮಾರು 5,200 ಟನ್ ಸೂಕ್ಷ್ಮ ಉಲ್ಕಾಕಣ ನೆಲ ಮುಟ್ಟುತ್ತದೆ. ನಗರದ ಛಾವಣಿಯಲ್ಲೂ ಅವು ಸಿಗುತ್ತವೆ ಎಂದು ನಾರ್ವೆಯ ಯೋನ್ ಲಾರ್ಸನ್ ತೋರಿಸಿದ್ದಾರೆ. ದೀಪಾವಳಿಯ ಪಟಾಕಿಯಿಂದಲೂ ಲೋಹದ ಗುಂಡುಗಳು ಬೀಳುವುದರಿಂದ, ಹಬ್ಬ ಮುಗಿದ ಮೇಲೆ ಆರ್‌ಸಿಸಿ ಮಾಳಿಗೆ ತೊಳೆದು ಶುರುಮಾಡಿ, ಮುಂದಿನ ಸೆಪ್ಟೆಂಬರ್‌ನಲ್ಲಿ ನೀರು ಹೋಗುವ ಪೈಪಿನ ಬಾಯಲ್ಲಿ ಕೂತ ರಾಡಿ ಬಾಚಿ. ಸೋಪಿನ ನೀರಲ್ಲಿ ನಾಲ್ಕೈದು ಸಲ ತೊಳೆದು, ಒಣಗಿಸಿ, 0.4 ಮಿ.ಮೀ. ಜರಡಿಯಿಂದ ಇಳಿದು 0.15ರ ಮೇಲೆ ನಿಂತದ್ದನ್ನು ಮಾತ್ರ ಇಟ್ಟುಕೊಳ್ಳಿ. ಪಾಲಿಥಿನ್ ಚೀಲದೊಳಗೆ ಆಯಸ್ಕಾಂತ ಇಟ್ಟು ಅದರ ಮೇಲೆ ಆಡಿಸಿ. ಆಯಸ್ಕಾಂತ ಹೊರಗೆಳೆದರೆ ಕಣಗಳು ಕಾಗದದ ಮೇಲೆ ಉದುರುತ್ತವೆ. ಕೆಲಸಕ್ಕೆ ನಿಯೋಡಿಮಿಯಂ ಆಗಬಹುದು, ಇಲ್ಲಿ ಕಾಂತಗುರುತು ಅಳೆಯುವುದಿಲ್ಲ.

ಫೌಂಡ್ರಿ_ಕಟ್ಟಿ:
ವೆಲ್ಡಿಂಗ್ ಅಂಗಡಿ ಬಾಜೂಕ ಇದ್ದವರು ಇದನ್ನ ಮಾಡಬ್ಯಾಡ್ರಿ, ಎಲ್ಲಾ ಅದರ ಕಿಡಿನ ಸಿಗತಾವ. ಆ ಕಿಡಿ ಕನ್ನಡಿಯಂಗ ಹೊಳಿತಾವ, ಒಳಗ ಟೊಳ್ಳು, ಕೆಲವಕ್ಕ ಸಣ್ಣ ಬಾಲ ಇರತೈತಿ.

ರಸಾಯನ_ಜಮಖಂಡಿ:
ಸರಿ ಹೇಳಿದಿರಿ. ಉಲ್ಕಾಕಣ ಮಂಕು, ತುಸು ಉದ್ದುದ್ದ, ಮೈಮೇಲೆ ಸಮಾನಾಂತರ ಹರಳುಪಟ್ಟಿ ಅಥವಾ ಕವಲೊಡೆದ ಮ್ಯಾಗ್ನಟೈಟ್ ಕಾಣುತ್ತದೆ, ಒಂದು ತುದಿಯಲ್ಲಿ ನಿಕ್ಕೆಲ್-ಕಬ್ಬಿಣದ ಮಣಿ ಅಂಟಿದ್ದರೂ ಇರಬಹುದು. 100 ಪಟ್ಟು ಹಿಗ್ಗಿಸುವ ಯುಎಸ್‌ಬಿ ಮೈಕ್ರೋಸ್ಕೋಪ್ ಇಷ್ಟಕ್ಕೆ ಸಾಕು. ಖಚಿತವಾಗಬೇಕಾದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಧಾತುಗಳ ಪ್ರಮಾಣ ನೋಡಬೇಕು, ಅದಕ್ಕೆ ಕಣವನ್ನು ಒದ್ದೆ ಮಾಡಿದ ಹಲ್ಲುಕಡ್ಡಿಯ ತುದಿಯಿಂದ ಎತ್ತಿ ಗಾಜಿನ ಸ್ಲೈಡಿನ ಮೇಲೆ ಒಂದೊಂದಾಗಿ ಇಡಿ, ಸಿಕ್ಕ ಮಾಳಿಗೆ ಮತ್ತು ತಿಂಗಳನ್ನು ಸ್ಲೈಡಿನ ಮೇಲೇ ಬರೆಯಿರಿ.